ಲೈಮ್ ರೋಗದ ಬೊರೇಲಿಯಾ ಮೇಲೆ ಆ್ಯಂಟಿಬಯಾಟಿಕ್ ಪರೀಕ್ಷೆ: ಒಂದೇ ಔಷಧಿಗೆ ಇಷ್ಟೊಂದು ಬೇರೆ ಬೇರೆ ಎಂಐಸಿ ಯಾಕೆ?

ತುಮಕೂರು_ಎಂಎಸ್ಸಿ
ಎಲ್ರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಸೆಮಿನಾರ್‌ಗೆ, ಉಣ್ಣೆ ಹುಳು ಕಚ್ಚಿ ಬರೋ ಲೈಮ್ ರೋಗದ ಬ್ಯಾಕ್ಟೀರಿಯಾ ಬೊರೇಲಿಯಾ ಬರ್ಗ್‌ಡಾರ್ಫೆರಿ ಮೇಲೆ ಆ್ಯಂಟಿಬಯಾಟಿಕ್‌ಗಳನ್ನ ಲ್ಯಾಬಲ್ಲಿ ಹೇಗೆ ಪರೀಕ್ಷಿಸ್ತಾರೆ ಅನ್ನೋ ವಿಷಯ ತಗೊಂಡಿದೀನಿ. ಓದ್ತಾ ಹೋದಷ್ಟೂ ಗೊಂದಲ. ಡಾಕ್ಸಿಸೈಕ್ಲಿನ್‌ಗೆ ಒಂದು ಪೇಪರ್‌ನಲ್ಲಿ ಎಂಐಸಿ ಮಿಲಿಗೆ 0.125 ಮೈಕ್ರೋಗ್ರಾಂ, ಇನ್ನೊಂದರಲ್ಲಿ 2. ಹದಿನಾರು ಪಟ್ಟು ವ್ಯತ್ಯಾಸ! ಒಬ್ಬರು 72 ಗಂಟೆಗೆ ಓದ್ತಾರೆ, ಇನ್ನೊಬ್ಬರು ಏಳು ದಿನ ಬಿಡ್ತಾರೆ. ಒಬ್ಬರು ಬಣ್ಣ ನೋಡ್ತಾರೆ, ಒಬ್ಬರು ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪಲ್ಲಿ ಎಣಿಸ್ತಾರೆ. ಯಾವುದನ್ನ ನಂಬೋದು? ಜೊತೆಗೆ ಈ 'ಪರ್ಸಿಸ್ಟರ್' (ಔಷಧಿ ಹಾಕಿದ್ರೂ ಸಾಯದೆ ಉಳಿಯೋ ಕೋಶ) ಗಲಾಟೆ ಏನು? ನಮ್ಮಂಥ ಲ್ಯಾಬಲ್ಲಿ ಇದರ ಯಾವ ಭಾಗವನ್ನಾದ್ರೂ ಮಾಡಿ ತೋರಿಸೋಕೆ ಆಗುತ್ತಾ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಕ್ಯಾತ್ಸಂದ್ರ_ಲ್ಯಾಬ್
ಒಳ್ಳೇ ಪ್ರಶ್ನೆ ಕಣಮ್ಮ. ಸ್ಟ್ಯಾಫಿಲೋಕಾಕಸ್‌ಗೋ ಇ. ಕೋಲಿಗೋ ಆದ್ರೆ ಲ್ಯಾಬ್ ಪರೀಕ್ಷೆಗೆ ಮಾನದಂಡ ಬರೆಯೋ ಸಿಎಲ್‌ಎಸ್‌ಐ ಸಂಸ್ಥೆಯ ಪುಸ್ತಕ ತೆಗೆದ್ರೆ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸೋ ಪೋಷಕ ದ್ರವ) ಯಾವುದು, ಎಷ್ಟು ಕೋಶ, ಎಷ್ಟು ಗಂಟೆ ಎಲ್ಲಾ ಬರೆದಿರುತ್ತೆ. ಬೊರೇಲಿಯಾಗೆ ಹಾಗೆ ಎಲ್ಲರೂ ಒಪ್ಪಿಕೊಂಡ ಕ್ರಮವೇ ಇಲ್ಲ. ಹಾಗಾಗಿ ಎರಡು ಪೇಪರ್‌ನ ಎಂಐಸಿಯನ್ನ ಅಕ್ಕಪಕ್ಕ ಇಟ್ಟು ಹೋಲಿಸೋದೇ ತಪ್ಪು. ಮೊದಲು ಈ ನಾಲ್ಕು ಕೇಳು: ಮೀಡಿಯಾದಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಎಷ್ಟು? ಶುರುವಲ್ಲಿ ಕೋಶ ಎಷ್ಟು? ಎಷ್ಟು ದಿನ ಬಿಟ್ಟರು? 'ಬೆಳೆದಿಲ್ಲ' ಅಂತ ಯಾವುದನ್ನ ನೋಡಿ ಹೇಳಿದರು?

ಆಲ್ಬುಮಿನ್ ವಿಷಯ ದೊಡ್ಡದು. ಬೊರೇಲಿಯಾ ಬೆಳೆಸೋ ಬಿಎಸ್‌ಕೆ ಮೀಡಿಯಾದಲ್ಲಿ ಸುಮಾರು ಶೇ. 4–5 ದನದ ಆಲ್ಬುಮಿನ್ ಇರುತ್ತೆ, ಜೊತೆಗೆ ಶೇ. 6 ಮೊಲದ ಸೀರಮ್. ಡಾಕ್ಸಿಸೈಕ್ಲಿನ್ ಮನುಷ್ಯರ ಪ್ಲಾಸ್ಮಾದಲ್ಲೇ ಶೇ. 80ಕ್ಕಿಂತ ಹೆಚ್ಚು ಪ್ರೋಟೀನಿಗೆ ಅಂಟ್ಕೊಳ್ಳುತ್ತೆ, ಸೆಫ್ಟ್ರಿಯಾಕ್ಸೋನ್ ಶೇ. 85–95. ಅಂಟಿಕೊಂಡ ಔಷಧಿ ಬ್ಯಾಕ್ಟೀರಿಯಾ ಮುಟ್ಟಲ್ಲ. ನೀನು ಪ್ಲೇಟಿನ ಬಾವಿಗೆ (ಪ್ಲೇಟಲ್ಲಿರೋ ಸಣ್ಣ ಗುಳಿ) 0.5 ಹಾಕಿದೀನಿ ಅಂದ್ಕೊಂಡಿರ್ತೀಯ, ಬಿಡಿಯಾಗಿ ಉಳಿದಿರೋದು ಅದರಲ್ಲಿ ಒಂದು ಪಾಲು ಮಾತ್ರ. ಆಲ್ಬುಮಿನ್ ಲಾಟ್ (ಬ್ಯಾಚ್) ಬದಲಾದ್ರೆ ಆ ಪಾಲೂ ಬದಲಾಗಬಹುದು.

ಶಿರಾ_ಕಡ್ಲೆಕಾಯಿ
ಎಂಐಸಿ ಅಂದ್ರೇನು ಅಂತ ಒಂದು ಸಾಲು ಹೇಳ್ರಪ್ಪಾ, ನಮ್ಮಂಥೋರೂ ಓದ್ತಿದೀವಿ.

ಕ್ಯಾತ್ಸಂದ್ರ_ಲ್ಯಾಬ್
ಬ್ಯಾಕ್ಟೀರಿಯಾ ಬೆಳೆಯೋದನ್ನ ನಿಲ್ಲಿಸೋಕೆ ಬೇಕಾದ ಅತಿ ಕಡಿಮೆ ಔಷಧಿ ಪ್ರಮಾಣ. ನಿಲ್ಲಿಸೋದು ಅಷ್ಟೇ, ಕೊಲ್ಲೋದಲ್ಲ. ಕೊಲ್ಲೋಕೆ ಬೇಕಾದ್ದು ಎಂಬಿಸಿ. ಈ ಚರ್ಚೆ ಪೂರ್ತಿ ಆ ಎರಡರ ನಡುವಿನ ಜಾಗದಲ್ಲೇ ಇದೆ.

ಟಮಕ_ಮೀಡಿಯಾರೂಮ್
ಮೀಡಿಯಾ ಬಗ್ಗೆ ನಾನು ಹೇಳ್ತೀನಿ, ಅರ್ಧ ಜಗಳ ಅಲ್ಲೇ ಹುಟ್ಟೋದು.

ವಿಜ್ಞಾನಿ ಅಲನ್ ಬಾರ್ಬರ್ 1984ರಲ್ಲಿ ಪ್ರಕಟಿಸಿದ ಬಿಎಸ್‌ಕೆ-2 ಲೆಕ್ಕ ಹೀಗಿದೆ. 900 ಮಿಲಿ ನೀರಿಗೆ ಹತ್ತು ಪಟ್ಟು ಗಾಢತೆಯ ಸಿಎಂಆರ್‌ಎಲ್-1066 ಮೀಡಿಯಾ 100 ಮಿಲಿ. ಅದಕ್ಕೆ ನಿಯೋಪೆಪ್ಟೋನ್ 5 ಗ್ರಾಂ, ಆಲ್ಬುಮಿನ್ 50 ಗ್ರಾಂ, ಈಸ್ಟೊಲೇಟ್ 2 ಗ್ರಾಂ, ಹೆಪೆಸ್ 6 ಗ್ರಾಂ, ಗ್ಲೂಕೋಸ್ 5 ಗ್ರಾಂ, ಸೋಡಿಯಂ ಸಿಟ್ರೇಟ್ 0.7, ಪೈರುವೇಟ್ 0.8, ಎನ್-ಅಸಿಟೈಲ್ ಗ್ಲೂಕೋಸಮೈನ್ 0.4, ಬೈಕಾರ್ಬೊನೇಟ್ 2.2. ಪಿಎಚ್ 7.6. ಫಿಲ್ಟರ್ ಮಾಡಿದ ಮೇಲೆ ಶೇ. 7ರ ಜೆಲಟಿನ್ 200 ಮಿಲಿ, ಕೊನೆಗೆ ಶೇ. 6 ಆಗೋ ಹಾಗೆ ಮೊಲದ ಸೀರಮ್. ಸೀರಮ್ಮನ್ನ 56 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಬ್ಯಾಕ್ಟೀರಿಯಾ ಕೊಲ್ಲೋ ಕಾಂಪ್ಲಿಮೆಂಟ್ ಪ್ರೋಟೀನ್‌ಗಳನ್ನ ಕೆಲಸ ಮಾಡದ ಹಾಗೆ ಮಾಡಿರಬೇಕು. ಔಷಧಿ ಪರೀಕ್ಷೆಗೆ ಜೆಲಟಿನ್ ಬಿಟ್ಟುಬಿಡೋರು ಬಹಳ ಜನ, ಬಿಟ್ಟರೆ ಪಿಪೆಟ್ ಮಾಡೋದೂ ಸುಲಭ.

ಆಲ್ಬುಮಿನ್ ಕರಗಿಸುವಾಗ ಅವಸರ ಬೇಡ. ಪುಡಿಯನ್ನ ನೀರಿನ ಮೇಲೆ ತೆಳ್ಳಗೆ ಉದುರಿಸಿ ಹಾಗೇ ಬಿಡಬೇಕು, ತಾನಾಗೇ ನೆಂದು ಕೆಳಗಿಳಿಯುತ್ತೆ. ಸ್ಟಿರರ್ ಜೋರಾಗಿ ತಿರುಗಿಸಿದ್ರೆ ನೊರೆ ಎದ್ದು, ನೊರೆಯಲ್ಲಿ ಪ್ರೋಟೀನ್ ಕೆಟ್ಟು, ಆಮೇಲೆ 0.22 ಮೈಕ್ರಾನ್ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಮೊದಲು 0.8, ಆಮೇಲೆ 0.45, ಕೊನೆಗೆ 0.22 ಹೀಗೆ ಹಂತ ಹಂತವಾಗಿ ಸೋಸಿದ್ರೆ ಒಂದೇ ಫಿಲ್ಟರ್‌ನಲ್ಲಿ ಲೀಟರ್ ಇಳಿಯುತ್ತೆ.

ಇನ್ನೊಂದು ಮಾತು: ಎಲ್ಲಾ ಆಲ್ಬುಮಿನ್ ಲಾಟೂ ಬೊರೇಲಿಯಾನ ಬೆಳೆಸಲ್ಲ. ಹೊಸ ಲಾಟ್ ಬಂದ ಕೂಡ್ಲೇ ಹಳೇ ಮೀಡಿಯಾ, ಹೊಸ ಮೀಡಿಯಾ ಎರಡರಲ್ಲೂ ಒಂದೇ ಕಲ್ಚರನ್ನ ಹತ್ತು ಹತ್ತು ಪಟ್ಟು ತೆಳು ಮಾಡ್ತಾ ಹಾಕಿ ನೋಡಬೇಕು. ಮಿಲಿಗೆ ಹತ್ತೇ ಕೋಶ ಇರೋ ಟ್ಯೂಬೂ ಬೆಳೆದ್ರೆ ಮಾತ್ರ ಆ ಲಾಟ್ ಇಟ್ಕೊಳ್ಳಿ. ದಟ್ಟವಾಗಿ ಹಾಕಿದಾಗ ಕೆಟ್ಟ ಲಾಟಲ್ಲೂ ಬೆಳೆಯುತ್ತೆ, ಅದು ನೋಡಿ ಮೋಸ ಹೋಗ್ತಾರೆ.

ಗೌರಿಬಿದನೂರು_ಬಯೋ
ಆಟೋಕ್ಲೇವ್ ಮಾಡಿದ್ರೆ ಫಿಲ್ಟರ್ ಖರ್ಚೇ ಇರಲ್ವಲ್ಲ?

ಟಮಕ_ಮೀಡಿಯಾರೂಮ್
ಆಗಲ್ಲ ರೀ. ಆಲ್ಬುಮಿನ್ 121 ಡಿಗ್ರಿಗೆ ಬೇಯಿಸಿದ ಮೊಟ್ಟೆ ಥರ ಗಟ್ಟಿ ಆಗುತ್ತೆ. ಆಟೋಕ್ಲೇವ್ ಜೆಲಟಿನ್‌ಗೆ ಮಾತ್ರ, ಅದನ್ನ ಬೇರೆ ಬಾಟಲಲ್ಲಿ ಮಾಡಿ ಬಿಸಿ ಇರುವಾಗಲೇ ಸೇರಿಸೋದು.

ಚಿಂತಾಮಣಿ_ಕೆಮಿಸ್ಟ್ರಿ
ನೀರಿನ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರಿನ ಗಡಸುತನ ಗೊತ್ತೇ ಇದೆ, ಗೀಸರ್ ಕಾಯಿಲ್ ಬಿಚ್ಚಿದ್ರೆ ಬಿಳೀ ಪದರ. ಗಾಜಿನ ಬಾಟಲನ್ನ ಅದರಲ್ಲಿ ತೊಳೆದು ಹಾಗೇ ಒಣಗಿಸಿದ್ರೆ ಒಳಗೆ ಬಿಳೀ ಮಬ್ಬು ಕೂರುತ್ತೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಕುಟುಂಬದ್ದು, ಈ ಲೋಹಗಳ ಜೊತೆ ಕಟ್ಟಿಕೊಳ್ಳುತ್ತೆ. ಹಾಲಿನ ಜೊತೆ ಡಾಕ್ಸಿ ನುಂಗಬೇಡಿ ಅಂತ ಡಾಕ್ಟ್ರು ಹೇಳೋದೂ ಇದಕ್ಕೇ. ಬಾಟಲಲ್ಲಿ ಆ ಪದರ ಉಳಿದ್ರೆ ಎಂಐಸಿ ಮೇಲಕ್ಕೆ ಜರುಗುತ್ತೆ, ಕಾರಣ ಗೊತ್ತಾಗಲ್ಲ.

ಇದಕ್ಕಿಂತ ಕೆಟ್ಟದ್ದು ಸೋಪಿನ ಪುಡಿ. ಬೊರೇಲಿಯಾ ಹೊರಪೊರೆ ಬಹಳ ನಾಜೂಕು, ಡಿಟರ್ಜೆಂಟ್ ಚೂರು ಉಳಿದ್ರೂ ಔಷಧಿ ಇಲ್ಲದೇನೇ ಸಾಯುತ್ತೆ. ಮೀಡಿಯಾ ಗಾಜನ್ನ ಬೇರೆ ಇಟ್ಟು, ಕೊನೇ ಐದಾರು ಸಲ ಡಿಸ್ಟಿಲ್ಡ್ ನೀರಲ್ಲೇ ಜಾಲಿಸಿ. ಸಾಧ್ಯ ಆದ್ರೆ ಒಂದೇ ಸಲ ಬಳಸೋ ಪ್ಲಾಸ್ಟಿಕ್ ಟ್ಯೂಬ್.

ಮುಳಬಾಗಿಲು_ಮುರಳಿ
ಗಡಸು ನೀರು ಅಂದ್ರಲ್ಲ, ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡೋ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಿಟ್ಟಮೇಲೆ...

ನಿರ್ವಾಹಕರು
ಮುರಳಿಯವರೇ, ಕೆ.ಸಿ. ವ್ಯಾಲಿಗೆ ಬೇರೆ ಚರ್ಚೆ ತೆರೆದಿದೆ, ಅಲ್ಲಿ ಬರೀರಿ.

ಪಾವಗಡ_ಬಿಸಿಲು
ಇನ್‌ಕ್ಯುಬೇಟರ್ ಬಗ್ಗೆ ಎಚ್ಚರ. ಬೊರೇಲಿಯಾಗೆ ಬೇಕಾದ್ದು 33–34 ಡಿಗ್ರಿ. ಸಾಮಾನ್ಯ ಬ್ಯಾಕ್ಟೀರಿಯಾ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡೋದು ಗೊತ್ತು, ತಣ್ಣಗೆ ಮಾಡೋದು ಗೊತ್ತಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ ಕೋಣೆಯೇ 36–38 ಆದಾಗ ಡಿಸ್‌ಪ್ಲೇನಲ್ಲಿ 33 ಸೆಟ್ ಮಾಡಿದ್ರೂ ಒಳಗೆ 38 ಇರುತ್ತೆ. ತಂಪೂ ಕೊಡೋ ಬಿಒಡಿ ಇನ್‌ಕ್ಯುಬೇಟರ್ ಬೇಕು, ಯುಪಿಎಸ್ ಲೈನಿಗೆ. ಒಳಗೆ ಒಂದು ಬಾಟಲ್ ನೀರಲ್ಲಿ ಥರ್ಮಾಮೀಟರ್ ಅದ್ದಿ ಇಟ್ಟು ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಬರೆದಿಡಿ. ಡಿಸ್‌ಪ್ಲೇ ನಂಬಬೇಡಿ. ಶಾಖ ಜಾಸ್ತಿ ಆದ್ರೆ ಬೆಳವಣಿಗೆಯೂ ಕೆಡುತ್ತೆ, ಔಷಧಿಯೂ ಬೇಗ ಹಾಳಾಗುತ್ತೆ. ಎರಡು ತಪ್ಪು ಒಂದೇ ಟ್ಯೂಬಲ್ಲಿ ಸೇರಿದ್ರೆ ಫಲಿತಾಂಶಕ್ಕೆ ಅರ್ಥವೇ ಇರಲ್ಲ.

ತುಮಕೂರು_ಎಂಎಸ್ಸಿ
ತುಂಬಾ ಉಪಯೋಗ ಆಯ್ತು ಸಾರ್. ಎಣಿಕೆಗೆ ನಮ್ಮಲ್ಲಿ ರಕ್ತಕಣ ಎಣಿಸೋ ನ್ಯೂಬಾವರ್ ಚೇಂಬರ್ ಇದೆ, ಅದು ಸಾಕಾಗುತ್ತಾ?

ಗೌರಿಬಿದನೂರು_ಬಯೋ
ಸಾಕು, ಎಣಿಕೆ ಎಣಿಕೆಯೇ.

ಕ್ಯಾತ್ಸಂದ್ರ_ಲ್ಯಾಬ್
ಸಾಕಾಗಲ್ಲ. ನ್ಯೂಬಾವರ್ ಆಳ 0.1 ಮಿಮೀ. ಬೊರೇಲಿಯಾ ದಪ್ಪ 0.2–0.3 ಮೈಕ್ರಾನ್, ಉದ್ದ 10–30 ಮೈಕ್ರಾನ್, ಅದೂ ತಿರುಚಿಕೊಂಡು ಓಡಾಡ್ತಾ ಇರುತ್ತೆ. ಅಷ್ಟು ಆಳದಲ್ಲಿ ಮೇಲಿನದಕ್ಕೆ ಫೋಕಸ್ ಮಾಡಿದ್ರೆ ಕೆಳಗಿನದು ಕಾಣಲ್ಲ. ಜೊತೆಗೆ ದಪ್ಪ ಗಾಜಲ್ಲಿ ಡಾರ್ಕ್‌ಫೀಲ್ಡ್ ಕಂಡೆನ್ಸರ್ ಬೆಳಕು ಸರಿಯಾಗಿ ಕೂರಲ್ಲ. ಪೆಟ್ರಾಫ್-ಹೌಸರ್ ಚೇಂಬರ್ ತಗೋಬೇಕು, ಆಳ 0.02 ಮಿಮೀ. ಅದರ 1 ಚದರ ಮಿಮೀ ಪೂರ್ತಿ ಎಣಿಸಿ 50,000ದಿಂದ ಗುಣಿಸಿದ್ರೆ ಮಿಲಿಗೆ ಎಷ್ಟು ಅಂತ ಬರುತ್ತೆ. 20 ಕಂಡ್ರೆ ಮಿಲಿಗೆ ಹತ್ತು ಲಕ್ಷ. 400 ಪಟ್ಟು ಹಿಗ್ಗಿಸಿದ್ರೆ ಸಾಕು.

ಕಣ್ಣಿಗೆ ಕಾಣೋದು ಹೇಗಂದ್ರೆ, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಿ ಸರಿಗೆಯ ತುಂಡು ಸುರುಳಿ ಸುತ್ತಿಕೊಂಡು ನುಲಿದಾಡಿದ ಹಾಗೆ. ಸೀರಮ್‌ನಲ್ಲಿರೋ ಪ್ರೋಟೀನ್ ಎಳೆಗಳೂ ಹೊಳೀತಾವೆ, ಆದ್ರೆ ಅವು ನೇರ ಇರ್ತವೆ, ನೀರಿನ ಹರಿವಿನ ಜೊತೆ ಸುಮ್ನೆ ತೇಲ್ತವೆ. ಹೊಸಬರು ಇದೇ ಎಳೆಗಳನ್ನ ಎಣಿಸಿಬಿಡ್ತಾರೆ. ಬರೀ ಮೀಡಿಯಾದ ಒಂದು ಹನಿ ಮೊದಲು ನೋಡಿ, ಕಣ್ಣು ಪಳಗುತ್ತೆ.

ಮಾಲೂರು_ಪಶುವೈದ್ಯ
ಮಧ್ಯೆ ಒಂದು ಪ್ರಶ್ನೆ ಬರುತ್ತೆ ಅಂತ ಗೊತ್ತು, ಮೊದಲೇ ಉತ್ತರಿಸ್ತೀನಿ. ನಮ್ಮ ಹಸುಗಳ ಮೈಮೇಲಿನ ಉಣ್ಣೆಗೂ ಲೈಮ್ ರೋಗಕ್ಕೂ ನೇರ ಸಂಬಂಧ ಇಲ್ಲ. ಲೈಮ್ ಹರಡೋದು ಇಕ್ಸೋಡಿಸ್ ಜಾತಿ ಉಣ್ಣೆ, ಅಮೆರಿಕದಲ್ಲಿ ಇಕ್ಸೋಡಿಸ್ ಸ್ಕ್ಯಾಪ್ಯುಲಾರಿಸ್, ಯೂರೋಪಿನಲ್ಲಿ ರಿಸಿನಸ್. ನಮ್ಮ ಕೊಟ್ಟಿಗೆಗಳಲ್ಲಿ ಇರೋದು ಮುಖ್ಯವಾಗಿ ರೈಪಿಸೆಫಾಲಸ್ ಮತ್ತು ಹಯಲೋಮಾ. ಅವು ತರೋದು ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ. ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಥೈಲೇರಿಯಾ ಹೆಚ್ಚು ಕಾಡುತ್ತೆ, ಹಳ್ಳಿಕಾರ್ ತಡ್ಕೊಳ್ಳುತ್ತೆ.

ಹೊಸಕೋಟೆ_ರೋಡ್
ಸಾರ್, ಉಣ್ಣೆ ಕಿತ್ತಾಗ ಸೀಮೆಎಣ್ಣೆ ಹಚ್ಚೋದು ಸರೀನಾ?

ಮಾಲೂರು_ಪಶುವೈದ್ಯ
ಬೇಡ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ, ಉಣ್ಣೆ ಕಕ್ಕಿ ಇನ್ನಷ್ಟು ಸೋಂಕು ಒಳಗೆ ಬಿಡಬಹುದು. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರ ಮೇಲಕ್ಕೆ ಎಳೀರಿ, ತಿರುಚಬೇಡಿ.

ನಂದಿತಪ್ಪಲು
ಹಾಗಾದ್ರೆ ಮಂಗನ ಕಾಯಿಲೆಗೂ ಇದೇ ಡಾಕ್ಸಿ ಕೊಡ್ತಾರಾ?

ಕೋಲಾರ_ಫಿಜಿಷಿಯನ್
ಇಲ್ಲ. ಮಂಗನ ಕಾಯಿಲೆ ವೈರಸ್ಸು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆ ಆಯ್ತು. ಆ್ಯಂಟಿಬಯಾಟಿಕ್ ಅದಕ್ಕೆ ಏನೂ ಮಾಡಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಡಾಕ್ಸಿಸೈಕ್ಲಿನ್ ನಿಜವಾಗಿ ಜೀವ ಉಳಿಸೋದು ಸ್ಕ್ರಬ್ ಟೈಫಸ್‌ನಲ್ಲಿ. ಮಳೆಗಾಲ ಮುಗಿಯೋ ಹೊತ್ತಿಗೆ ಜ್ವರ, ತಲೆನೋವು, ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಲ್ಲಿ ಸುಟ್ಟ ಹಾಗೆ ಕಪ್ಪು ಹೊಪ್ಪಳೆ. ಬಟ್ಟೆ ಬಿಚ್ಚಿಸಿ ನೋಡದಿದ್ರೆ ತಪ್ಪಿಹೋಗುತ್ತೆ. ಅದನ್ನ ಹರಡೋದು ಉಣ್ಣೆಯಲ್ಲ, ಹುಲ್ಲಿನಲ್ಲಿರೋ ಮೈಟ್ ಹುಳುವಿನ ಮರಿ.

ಆ ರೋಗಾಣು ಓರಿಯೆನ್ಷಿಯಾ ಜೀವಂತ ಕೋಶದ ಒಳಗೆ ಮಾತ್ರ ಬೆಳೆಯುತ್ತೆ, ಹಾಗಾಗಿ ಅದರ ಔಷಧಿ ಪರೀಕ್ಷೆಗೆ ಕೋಶ ಕಲ್ಚರ್ ಬೇಕು. ಆ ದೃಷ್ಟಿಯಲ್ಲಿ ಬೊರೇಲಿಯಾ ಎಷ್ಟೋ ವಾಸಿ, ಟ್ಯೂಬಲ್ಲಿ ತಾನೇ ಬೆಳೆಯುತ್ತೆ.

ನಿರ್ವಾಹಕರು
ಒಳ್ಳೇ ಮಾಹಿತಿ. ಈಗ ಬೊರೇಲಿಯಾಗೆ ವಾಪಸ್ ಬರೋಣ.

ಟಮಕ_ಮೀಡಿಯಾರೂಮ್
ಔಷಧಿ ಸ್ಟಾಕ್ (ಮೊದಲೇ ಮಾಡಿಡೋ ಗಾಢ ದ್ರಾವಣ) ಬಗ್ಗೆ. ಮೆಡಿಕಲ್ ಸ್ಟೋರ್ ಮಾತ್ರೆ ಪುಡಿ ಮಾಡಿ ಹಾಕೋರು ಇದಾರೆ, ಅದು ಬೇಡವೇ ಬೇಡ. ಮಾತ್ರೆಯಲ್ಲಿ ಪಿಷ್ಟ, ಮೆಗ್ನೀಸಿಯಂ ಸ್ಟಿಯರೇಟ್, ಬಣ್ಣ ಎಲ್ಲಾ ಇರುತ್ತೆ. ಶುದ್ಧ ಪುಡಿ ತಗೊಂಡು ಬಾಟಲ್ ಮೇಲಿನ ಪೊಟೆನ್ಸಿ (ಒಂದು ಮಿಗ್ರಾಂ ಪುಡಿಯಲ್ಲಿ ನಿಜವಾದ ಔಷಧಿ ಎಷ್ಟು ಮೈಕ್ರೋಗ್ರಾಂ) ಓದಿ. ಡಾಕ್ಸಿಸೈಕ್ಲಿನ್ ಹೈಕ್ಲೇಟ್‌ನಲ್ಲಿ ಒಂದು ಮಿಗ್ರಾಂ ಪುಡಿ ಅಂದ್ರೆ 1000 ಮೈಕ್ರೋಗ್ರಾಂ ಔಷಧಿ ಅಲ್ಲ. ಲೇಬಲ್ ಮೇಲೆ 870 ಇದ್ರೆ, ಮಿಲಿಗೆ 1280 ಮೈಕ್ರೋಗ್ರಾಂ ಇರೋ ಸ್ಟಾಕ್ 10 ಮಿಲಿ ಮಾಡೋಕೆ 10 × 1280 ÷ 870 = 14.7 ಮಿಗ್ರಾಂ ತೂಗಬೇಕು. 12.8 ಅಲ್ಲ.

ಡಾಕ್ಸಿ, ಸೆಫ್ಟ್ರಿಯಾಕ್ಸೋನ್ ನೀರಲ್ಲಿ ಕರಗುತ್ತೆ. ಅಮಾಕ್ಸಿಸಿಲಿನ್‌ಗೆ ಪಿಎಚ್ 6ರ ಫಾಸ್ಫೇಟ್ ಬಫರ್. ಅಜಿಥ್ರೋಮೈಸಿನ್‌ಗೆ ಶೇ. 95ರ ಎಥನಾಲ್, ಮುಂದಿನ ತೆಳು ಮಾಡೋದು ಮೀಡಿಯಾದಲ್ಲೇ. ಎಥನಾಲ್ ಬಳಸಿದ್ರೆ ಔಷಧಿ ಇಲ್ಲದ ಬಾವಿಗೂ ಅಷ್ಟೇ ಎಥನಾಲ್ ಹಾಕಬೇಕು. ಸ್ಟಾಕನ್ನ ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80ಕ್ಕೆ, ಒಮ್ಮೆ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡಬಾರದು. ಡಾಕ್ಸಿ ಟ್ಯೂಬಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬೆಳಕಿಗೆ ಕೆಡುತ್ತೆ.

ಸ್ಟಾಕ್ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ? ಅದೇ ದಿನ ಅದೇ ಸ್ಟಾಕಿಂದ, ಸಾಮಾನ್ಯ ಬ್ಯಾಕ್ಟೀರಿಯಾಗೆ ಬಳಸೋ ಮುಲ್ಲರ್-ಹಿಂಟನ್ ಬ್ರಾತ್‌ನಲ್ಲಿ ಸ್ಟ್ಯಾಫ್ ಆರಿಯಸ್ 29213 ತಳಿಗೆ ಎಂಐಸಿ ಹಾಕಿ. ಡಾಕ್ಸಿ 0.12ರಿಂದ 0.5ರ ಒಳಗೆ ಬರಬೇಕು. ಸೆಫ್ಟ್ರಿಯಾಕ್ಸೋನ್‌ಗೆ ಇ. ಕೋಲಿ 25922, 0.03ರಿಂದ 0.12. ಅಲ್ಲೇ ತಪ್ಪಿದ್ರೆ ಬೊರೇಲಿಯಾ ಪ್ಲೇಟ್ ಹಾಕೋ ಅಗತ್ಯವೇ ಇಲ್ಲ.

ತುಮಕೂರು_ಎಂಎಸ್ಸಿ
ಪ್ಲೇಟ್ ಹಾಕೋ ಕ್ರಮ ಹೇಳ್ತೀರಾ ಸಾರ್?

ಕ್ಯಾತ್ಸಂದ್ರ_ಲ್ಯಾಬ್
96 ಬಾವಿ ಪ್ಲೇಟ್. ಹೊರಸುತ್ತಿನ 36 ಬಾವಿಗೆ ಬರೀ ಸ್ಟೆರೈಲ್ ನೀರು, ಮೂರು ದಿನದಲ್ಲಿ ಅಂಚಿನವು ಆವಿಯಾಗಿ ಗಾಢ ಆಗುತ್ತೆ. ಒಳಗಿನ 60ರಲ್ಲಿ ಪ್ರತಿಯೊಂದಕ್ಕೂ ಬೇಕಾದ್ದರ ಎರಡು ಪಟ್ಟು ಔಷಧಿ ಇರೋ ಬಿಎಸ್‌ಕೆ 100 ಮೈಕ್ರೋಲೀಟರ್, ಮೇಲೆ ಮಿಲಿಗೆ 20 ಲಕ್ಷ ಕೋಶದ ಕಲ್ಚರ್ 100 ಮೈಕ್ರೋಲೀಟರ್. ಸೇರಿದ ಮೇಲೆ ಮಿಲಿಗೆ 10 ಲಕ್ಷ. ಕಲ್ಚರ್ ಬೆಳೆಯೋ ಹಂತದ ಮಧ್ಯದಲ್ಲಿರಬೇಕು, ಹಳಸಿದ್ದು ಬೇಡ. ಅಂಟು ಫಿಲ್ಮ್ ಒತ್ತಿ ಮುಚ್ಚಿ, ಅಲುಗಾಡಿಸದೆ 33 ಡಿಗ್ರಿಯಲ್ಲಿ 72 ಗಂಟೆ. ಇದಕ್ಕೆ ಆಮ್ಲಜನಕ ಕಡಿಮೆ ಬೇಕು, ಟ್ಯೂಬಲ್ಲಿ ಹಾಕಿದ್ರೆ ಮುಚ್ಚಳದವರೆಗೂ ತುಂಬಿಸೋದು ಅದಕ್ಕೇ.

ಒಂದು ಕೋಶ ಎರಡಾಗೋಕೆ 8–12 ಗಂಟೆ. 12 ಅಂತ ಹಿಡಿದ್ರೂ 72 ಗಂಟೆಯಲ್ಲಿ ಆರು ಸಲ, ಅಂದ್ರೆ 64 ಪಟ್ಟು. ಔಷಧಿ ಇಲ್ಲದ ಬಾವಿ ಕನಿಷ್ಠ ಹತ್ತು ಪಟ್ಟೂ ಆಗಿಲ್ಲ ಅಂದ್ರೆ ಪ್ಲೇಟ್ ಬಿಸಾಕಿ. ಬೆಳೆಯದ ಬಾವಿ ಪಕ್ಕ ಎಲ್ಲಾ ಔಷಧಿಯೂ ಚೆನ್ನಾಗಿ ಕೆಲಸ ಮಾಡಿದ ಹಾಗೇ ಕಾಣುತ್ತೆ.

ಗೌರಿಬಿದನೂರು_ಬಯೋ
ಡಾರ್ಕ್‌ಫೀಲ್ಡಲ್ಲಿ 60 ಬಾವಿ ಎಣಿಸೋದು ಯಾರ ಕೈಲಾಗುತ್ತೆ? ಮೀಡಿಯಾದಲ್ಲೇ ಫೀನಾಲ್ ರೆಡ್ ಇದೆ. ಬೆಳೆದ್ರೆ ಆಮ್ಲ ಬಿಟ್ಟು ಕೆಂಪಿಂದ ಹಳದಿ. ಕಣ್ಣಲ್ಲೇ ಓದಬಹುದು. ಸುಮ್ನೆ ಕಷ್ಟ ಮಾಡ್ತಿದೀರಿ.

ಕ್ಯಾತ್ಸಂದ್ರ_ಲ್ಯಾಬ್
ಬಣ್ಣದ ವಿಧಾನ ಒಳ್ಳೇದೇ, ಒಪ್ತೀನಿ. ಆದ್ರೆ ಅದು ಹೇಳೋದು ಆಮ್ಲದ ಬಗ್ಗೆ, ಜೀವದ ಬಗ್ಗೆ ಅಲ್ಲ. ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಲ್ಲಿ ಇಟ್ಟು ಫಿಲ್ಮ್ ಸರಿಯಾಗಿ ಅಂಟಿಲ್ಲ ಅಂದ್ರೆ ಬ್ಯಾಕ್ಟೀರಿಯಾ ಇಲ್ಲದೇನೂ ಹಳದಿ ತಿರುಗುತ್ತೆ. ಬೇರೆ ಬ್ಯಾಕ್ಟೀರಿಯಾ ಸೇರ್ಕೊಂಡ್ರಂತೂ ಒಂದೇ ರಾತ್ರಿಗೆ ಹಳದಿ. ಹೆಚ್ಚು ಡಾಕ್ಸಿ ಇರೋ ಬಾವಿಯಲ್ಲಿ ಔಷಧಿಯದೇ ಹಳದಿ ಛಾಯೆ. ಬಣ್ಣ ನೋಡಿ ಸಾಲು ಗುರುತಿಸಿ, ಬಣ್ಣ ಬದಲಾಗೋ ಗಡಿಯ ಎರಡು ಬಾವಿ ಆಚೆ, ಎರಡು ಬಾವಿ ಈಚೆ ಡಾರ್ಕ್‌ಫೀಲ್ಡ್ ನೋಡಿ. ಅರವತ್ತೂ ಎಣಿಸಬೇಕಾಗಿಲ್ಲ.

ಗೌರಿಬಿದನೂರು_ಬಯೋ
ಆಯ್ತು, ಅದು ಸರಿ. ಸೋಂಕು ಸೇರದ ಹಾಗೆ ರಿಫಾಂಪಿಸಿನ್ ಹಾಕ್ತಾರಲ್ಲ, ಅದು ಬೊರೇಲಿಯಾನ ಕೊಲ್ಲಲ್ವಾ?

ಟಮಕ_ಮೀಡಿಯಾರೂಮ್
ಕೊಲ್ಲಲ್ಲ, ಹುಟ್ಟಾ ರಿಫಾಂಪಿಸಿನ್‌ಗೆ ಬಗ್ಗಲ್ಲ ಇದು. ಫಾಸ್ಫೋಮೈಸಿನ್‌ಗೂ ಅಷ್ಟೆ. ಅದಕ್ಕೇ ಉಣ್ಣೆಯಿಂದ ಬೊರೇಲಿಯಾ ಬೇರ್ಪಡಿಸುವಾಗ ಮೀಡಿಯಾಗೆ ರಿಫಾಂಪಿಸಿನ್ 50, ಫಾಸ್ಫೋಮೈಸಿನ್ 20, ಶಿಲೀಂಧ್ರಕ್ಕೆ ಆಂಫೋಟೆರಿಸಿನ್ 2.5 ಮೈಕ್ರೋಗ್ರಾಂ ಹಾಕೋದು. ಆದ್ರೆ ಎಂಐಸಿ ಪ್ಲೇಟಿಗೆ ಇವು ಬೇಡ. ಎರಡು ಔಷಧಿ ಸೇರಿದಾಗ ಯಾವುದು ಏನು ಮಾಡ್ತು ಅಂತ ಹೇಳೋಕಾಗಲ್ಲ.

ಕೋಲಾರ_ಫಿಜಿಷಿಯನ್
ಏಳು ದಿನ ಬಿಟ್ಟು ಓದಿದ್ರೆ ಎಂಐಸಿ ಯಾಕೆ ಏರುತ್ತೆ ಅನ್ನೋದಕ್ಕೂ ಉತ್ತರ ಬೇಕಲ್ವಾ?

ಕ್ಯಾತ್ಸಂದ್ರ_ಲ್ಯಾಬ್
ಹೌದು ಡಾಕ್ಟ್ರೇ, ಅದೇ ಮುಖ್ಯ. ಬ್ಯಾಕ್ಟೀರಿಯಾ ನಿಧಾನ, ಔಷಧಿ ಅಷ್ಟು ದಿನ ಕಾಯಲ್ಲ. 33 ಡಿಗ್ರಿಯಲ್ಲಿ ಬೀಟಾ-ಲ್ಯಾಕ್ಟಮ್‌ಗಳು (ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಥರದವು) ದಿನ ದಿನಕ್ಕೆ ಒಡೀತವೆ, ಡಾಕ್ಸಿಯೂ ಇಳಿಯುತ್ತೆ. ಔಷಧಿ ಇಳಿದ ಮೇಲೆ ಉಳಿದ ಕೋಶ ಎದ್ದು ಬೆಳೆದ್ರೆ ಅದನ್ನ 'ಔಷಧಿ ಸೋತಿದೆ' ಅಂತ ಬರೀತಾರೆ. ಇದನ್ನ ಹಿಡಿಯೋ ಉಪಾಯ ಸುಲಭ: ಬ್ಯಾಕ್ಟೀರಿಯಾ ಹಾಕದ, ಅದೇ ಔಷಧಿ ಇರೋ ಬಿಎಸ್‌ಕೆ ಟ್ಯೂಬನ್ನೂ ಅಷ್ಟೇ ದಿನ ಪಕ್ಕದಲ್ಲೇ ಇಡಿ. ಕೊನೆ ದಿನ ಅದರಿಂದ ಸ್ವಲ್ಪ ತೆಗೆದು, ಆ ಔಷಧಿಗೆ ಬಗ್ಗೋ ತಳಿ ಹರಡಿದ ಅಗಾರ್ ಪ್ಲೇಟಿನ ಗುಂಡಿಗೆ ಹಾಕಿ. ಹೊಸದಾಗಿ ಮಾಡಿದ ಅದೇ ಪ್ರಮಾಣದ್ದು ಇನ್ನೊಂದು ಗುಂಡಿಗೆ. ಎರಡರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆದು ನೋಡಿ. ಹಳೇದರ ವಲಯ ಕುಗ್ಗಿದ್ರೆ ಸೋತಿದ್ದು ಔಷಧಿಯ ಆಯಸ್ಸು.

ತುಮಕೂರು_ಎಂಎಸ್ಸಿ
ಎಂಬಿಸಿ ನೋಡೋಕೆ ಮೂರು ವಾರ ಕಾಯ್ತಾರಲ್ಲ, ಯಾಕೆ ಸಾರ್?

ಟಮಕ_ಮೀಡಿಯಾರೂಮ್
ಲೆಕ್ಕ ಹಾಕಿ ನೋಡಮ್ಮ. ಬಾವಿಯಿಂದ 25 ಮೈಕ್ರೋಲೀಟರ್ ತೆಗೆದು ಔಷಧಿ ಇಲ್ಲದ 5 ಮಿಲಿ ಹೊಸ ಬಿಎಸ್‌ಕೆಗೆ ಹಾಕ್ತೀಯ. ಒಂದೇ ಒಂದು ಕೋಶ ಬದುಕಿದೆ ಅಂತ ಇಟ್ಕೋ. ಡಾರ್ಕ್‌ಫೀಲ್ಡಲ್ಲಿ ಸಲೀಸಾಗಿ ಕಾಣೋಕೆ ಮಿಲಿಗೆ ಹತ್ತು ಲಕ್ಷ, 5 ಮಿಲಿಗೆ 50 ಲಕ್ಷ ಬೇಕು. ಒಂದರಿಂದ ಅಷ್ಟಾಗೋಕೆ ಸುಮಾರು 22 ಸಲ ಇಬ್ಭಾಗ, 12 ಗಂಟೆಯಂತೆ ಸುಮಾರು 11 ದಿನ. ಪೆಟ್ಟು ತಿಂದ ಕೋಶ ಮೊದಲ ಕೆಲವು ದಿನ ಸುಮ್ನೆ ಕೂತಿರುತ್ತೆ. ಅದಕ್ಕೇ 21 ದಿನ. ಹತ್ತು ದಿನಕ್ಕೆ 'ಸತ್ತಿದೆ' ಅಂತ ಬರೆದ್ರೆ ಸುಳ್ಳಾಗುತ್ತೆ.

ಔಷಧಿ ಜೊತೆಗೇ ದಾಟಿಬರೋದನ್ನೂ ನೋಡ್ಕೋ. 25 ಮೈಕ್ರೋಲೀಟರ್ 5 ಮಿಲಿಗೆ ಅಂದ್ರೆ 200 ಪಟ್ಟು ತೆಳು. ಬಾವಿಯಲ್ಲಿ 2 ಇದ್ದದ್ದು 0.01 ಆಗುತ್ತೆ, ಪರವಾಗಿಲ್ಲ. ಆದ್ರೆ ಬಾವಿಯಲ್ಲಿ 16 ಇದ್ರೆ ಹೊಸ ಟ್ಯೂಬಲ್ಲೂ 0.08, ಹತ್ತಿರ ಹತ್ತಿರ ಎಂಐಸಿಯಷ್ಟೇ. ಬದುಕಿರೋ ಕೋಶವೂ ಬೆಳೆಯದೆ ಕೂತಿರುತ್ತೆ.

ಚಿಂತಾಮಣಿ_ಕೆಮಿಸ್ಟ್ರಿ
ಒಂದು ತಿದ್ದುಪಡಿ. ಎಂಬಿಸಿ ಅಂದ್ರೆ ಶೇ. 99.9 ಸಾವು ಅಂತ ಪುಸ್ತಕದಲ್ಲಿದೆ. ನಿಮ್ಮ ಲೆಕ್ಕದಲ್ಲಿ 25 ಮೈಕ್ರೋಲೀಟರಲ್ಲಿ ಇದ್ದದ್ದು 25,000 ಕೋಶ. ಶೇ. 99.9 ಸತ್ತರೂ 25 ಉಳಿಯುತ್ತೆ, ಆ 25 ಬೆಳೆದು ಟ್ಯೂಬ್ ಪಾಸಿಟಿವ್ ಆಗುತ್ತೆ. ಅಂದ್ರೆ ಟ್ಯೂಬಲ್ಲಿ ಬೆಳೆದಿದೆ ಅಂದ ಮಾತ್ರಕ್ಕೆ ಔಷಧಿ ಶೇ. 99.9 ಕೊಂದಿಲ್ಲ ಅಂತ ಹೇಳೋ ಹಾಗಿಲ್ಲ. ಎರಡು ಪೇಪರ್‌ನ ಎಂಬಿಸಿ ಬೇರೆ ಬರೋಕೆ ಇದೂ ಒಂದು ಕಾರಣ.

ಟಮಕ_ಮೀಡಿಯಾರೂಮ್
ಸರಿಯಾದ ಮಾತು, ಒಪ್ಪಿದೆ. ನಿಜವಾಗಿ ಎಣಿಸಬೇಕಂದ್ರೆ ಬಿಎಸ್‌ಕೆಯನ್ನ ಕಡಿಮೆ ಶಾಖಕ್ಕೆ ಕರಗೋ ಅಗರೋಸ್ ಜೊತೆ ಬೆರೆಸಿ ಪ್ಲೇಟ್ ಹೊಯ್ದು, ಎರಡು ಮೂರು ವಾರ ಬಿಟ್ಟು ಅಗರೋಸ್ ಒಳಗೆ ಮೂಡೋ ಮಬ್ಬು ಕಾಲನಿ ಎಣಿಸಬೇಕು. ಕೈಗೆ ಬೆಚ್ಚಗೆ ಅನ್ನಿಸೋ 40–42 ಡಿಗ್ರಿಯಲ್ಲಿ ಹೊಯ್ಯಿರಿ, ಅದಕ್ಕಿಂತ ಬಿಸಿ ಇದ್ರೆ ಹೊಯ್ಯುವಾಗಲೇ ಸಾಯುತ್ತೆ.

ಕುಣಿಗಲ್_ಫ್ಲೋರೆಸೆನ್ಸ್
ಈಗ ಪರ್ಸಿಸ್ಟರ್ ವಿಷಯ. ಜಾನ್ಸ್ ಹಾಪ್ಕಿನ್ಸ್‌ನ ಯಿಂಗ್ ಝಾಂಗ್ ಗುಂಪು 2014ರಿಂದ ಒಂದು ಬಣ್ಣದ ಪರೀಕ್ಷೆ ಬಳಸಿ ಅನುಮತಿ ಪಡೆದ ಔಷಧಿಗಳ ದೊಡ್ಡ ಸಂಗ್ರಹವನ್ನೇ ಜಾಲಾಡಿತು. ಸೈಬರ್ ಗ್ರೀನ್ ಎಲ್ಲಾ ಕೋಶದ ಒಳಗೂ ಹೋಗಿ ಹಸಿರು ಹೊಳೆಯುತ್ತೆ. ಪ್ರೊಪಿಡಿಯಂ ಅಯೋಡೈಡ್ ಪೊರೆ ಹರಿದ ಕೋಶದೊಳಗೆ ಮಾತ್ರ ಹೋಗಿ ಕೆಂಪು. ಎರಡನ್ನೂ ಸೇರಿಸಿ ಕತ್ತಲಲ್ಲಿ 15 ನಿಮಿಷ ಇಟ್ಟು, ಹಸಿರು-ಕೆಂಪು ಅನುಪಾತದಿಂದ ಬದುಕಿರೋದು ಶೇಕಡಾ ಎಷ್ಟು ಅಂತ ಲೆಕ್ಕ. ಹಳಸಿದ, ಅಂದ್ರೆ ಬೆಳವಣಿಗೆ ನಿಂತ ಏಳು ದಿನದ ಕಲ್ಚರಲ್ಲಿ ದುಂಡು ರೂಪ, ಗುಂಪು ಗುಂಪು ಗಂಟು ಜಾಸ್ತಿ. ಅವುಗಳ ಮೇಲೆ ಡಾಕ್ಸಿ, ಅಮಾಕ್ಸಿಸಿಲಿನ್ ಅಷ್ಟಾಗಿ ನಾಟಲ್ಲ. ಡಾಪ್ಟೋಮೈಸಿನ್, ಸೆಫೋಪೆರಜೋನ್, ಡಾಕ್ಸಿ ಮೂರೂ ಸೇರಿದಾಗ ನಾಟಿತು ಅಂತ ಅವರು ತೋರಿಸಿದರು. ಹಾಗಾಗಿ ಬರೀ ಎಂಐಸಿ ನೋಡಿದ್ರೆ ಅರ್ಧ ಕಥೆ ಮಾತ್ರ.

ಕ್ಯಾತ್ಸಂದ್ರ_ಲ್ಯಾಬ್
ಅರ್ಧ ಒಪ್ತೀನಿ. ಆದ್ರೆ ಡಾಕ್ಸಿ ಪ್ರೋಟೀನ್ ತಯಾರಿ ನಿಲ್ಲಿಸೋ ಔಷಧಿ, ಪೊರೆ ಹರಿಯೋದಲ್ಲ. ಡಾಕ್ಸಿಯಲ್ಲಿ ಮತ್ತೆಂದೂ ಏಳದ ಹಾಗೆ ಬಿದ್ದ ಕೋಶಕ್ಕೂ ಪೊರೆ ಗಟ್ಟಿ ಇದ್ರೆ ಅದು ಹಸಿರೇ. ಪೊರೆ ಒಡೆಯೋ ಡಾಪ್ಟೋಮೈಸಿನ್ ಹಾಕಿದ್ರೆ ಕೂಡ್ಲೇ ಕೆಂಪು. ಈ ಬಣ್ಣದ ಪರೀಕ್ಷೆ ಸ್ವಭಾವತಃ ಡಾಪ್ಟೋಮೈಸಿನ್ ಪರ ವಾಲುತ್ತೆ. ಹಸಿರು ಕಂಡ ಮಾತ್ರಕ್ಕೆ ಜೀವ ಇದೆ ಅಂತ ಅಲ್ಲ. ತೊಳೆದು ಹೊಸ ಮೀಡಿಯಾಗೆ ಹಾಕಿ 21 ದಿನ ಕಾದು ನೋಡಬೇಕು.

ಕುಣಿಗಲ್_ಫ್ಲೋರೆಸೆನ್ಸ್
ಅವರೂ ಮರುಬೆಳವಣಿಗೆ ನೋಡಿದಾರೆ ಸಾರ್. ಮೊದಲ ಜಾಲಾಡಿಕೆಗೆ ಬಣ್ಣ, ಆಯ್ದ ಔಷಧಿಗಳಿಗೆ ಮರುಬೆಳವಣಿಗೆ. ಬಣ್ಣವನ್ನೇ ಕೊನೇ ಮಾತು ಅಂತ ಓದೋದು ಓದುಗರ ತಪ್ಪು.

ಕ್ಯಾತ್ಸಂದ್ರ_ಲ್ಯಾಬ್
ಅದು ನಿಜ. ಹಾಗಿದ್ರೆ ಮೈಕ್ರೋಪ್ಲೇಟ್ ಓದುವಾಗ ಇದನ್ನೂ ಹೇಳಿ: ಬಿಎಸ್‌ಕೆ ತಾನೇ ಸ್ವಲ್ಪ ಹೊಳೆಯುತ್ತೆ, ಕೆಲವು ಔಷಧಿಗಳಿಗೂ ಸ್ವಂತ ಹೊಳಪಿದೆ. ಬ್ಯಾಕ್ಟೀರಿಯಾ ಇಲ್ಲದ ಮೀಡಿಯಾ ಮತ್ತು ಔಷಧಿ ಬಾವಿಯನ್ನ ಕಳೆಯದಿದ್ರೆ ಶೇಕಡಾವಾರು ಸುಳ್ಳು. ಬದುಕಿದ್ದು ಸತ್ತದ್ದನ್ನ ಗೊತ್ತಿರೋ ಪ್ರಮಾಣದಲ್ಲಿ ಬೆರೆಸಿ, 0, 25, 50, 75, 100 ಹೀಗೆ ರೇಖೆ ಹಾಕ್ಕೊಂಡು ಆಮೇಲೆ ಓದಬೇಕು.

ತುಮಕೂರು_ಎಂಎಸ್ಸಿ
ಉಳಿದುಕೊಂಡ ಕೋಶ ಅಂದ್ರೆ ರೆಸಿಸ್ಟೆಂಟ್ ಅಂತ ಬರೀಬಹುದಾ?

ಕುಣಿಗಲ್_ಫ್ಲೋರೆಸೆನ್ಸ್
ಬರೀಬೇಡಿ, ಇದು ಎಲ್ಲರೂ ಮಾಡೋ ತಪ್ಪು. ಉಳಿದದ್ದನ್ನ ಮತ್ತೆ ಬೆಳೆಸಿ ಎಂಐಸಿ ನೋಡಿದ್ರೆ ಮೊದಲಿನಷ್ಟೇ ಬರುತ್ತೆ, ಮರಿಗಳು ಮತ್ತೆ ಅದೇ ಔಷಧಿಗೆ ಸಾಯ್ತವೆ. ರೆಸಿಸ್ಟೆಂಟ್ ಆಗಿದ್ರೆ ಎಂಐಸಿಯೇ ಏರಬೇಕಿತ್ತು. ಇದನ್ನೇ ಬಳಸಿಕೊಂಡು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಗುಂಪು 2015ರಲ್ಲಿ ಸೆಫ್ಟ್ರಿಯಾಕ್ಸೋನನ್ನ ಬಿಟ್ಟು ಬಿಟ್ಟು ಕೊಟ್ಟಿತು. ಔಷಧಿ ಹಾಕು, ತೊಳೆ, ಹೊಸ ಮೀಡಿಯಾದಲ್ಲಿ ಏಳೋಕೆ ಬಿಡು, ಎದ್ದ ಕೂಡ್ಲೇ ಮತ್ತೆ ಔಷಧಿ. ಟ್ಯೂಬಲ್ಲಿ ಪೂರ್ತಿ ನಿರ್ಮೂಲ ಆಯ್ತು. ಅದೇ ಗುಂಪು 2021ರಲ್ಲಿ ಹೈಗ್ರೊಮೈಸಿನ್-ಎ ಬಗ್ಗೆ ಬರೀತು, ಅದು ಸ್ಪೈರೋಕೀಟ್‌ಗಳ (ಬೊರೇಲಿಯಾ ಥರದ ಸುರುಳಿ ಬ್ಯಾಕ್ಟೀರಿಯಾ) ಮೇಲೆ ಬಲವಾಗಿ, ಕರುಳಿನ ಉಳಿದ ಬ್ಯಾಕ್ಟೀರಿಯಾ ಮೇಲೆ ಕಡಿಮೆ ಕೆಲಸ ಮಾಡುತ್ತೆ.

ಚಿಕ್ಕಬಳ್ಳಾಪುರ_ದ್ರಾಕ್ಷಿ
ನಮ್ಮ ಭಾವ ಅಮೆರಿಕದ ಕನೆಕ್ಟಿಕಟ್‌ನಲ್ಲಿದಾರೆ, ಲೈಮ್ ಆಗಿ ಡಾಕ್ಸಿ ಮುಗಿದ ಮೇಲೂ ಸುಸ್ತು. ಚಕ್ಕೆ ಎಣ್ಣೆ, ಲವಂಗದೆಣ್ಣೆ ಲ್ಯಾಬಲ್ಲಿ ಬೊರೇಲಿಯಾನ ಡಾಕ್ಸಿಗಿಂತ ಚೆನ್ನಾಗಿ ಕೊಂದಿದೆ ಅಂತ ಓದಿದಾರೆ. ಮನೆಮದ್ದು ತಾನೇ, ತಗೊಂಡ್ರೆ ತಪ್ಪೇನು?

ಕೋಲಾರ_ಫಿಜಿಷಿಯನ್
ಅವರಿಗೆ ದಯವಿಟ್ಟು ಹೀಗೆ ಹೇಳಿ. ಆ ಪರೀಕ್ಷೆಗಳಲ್ಲಿ ಎಣ್ಣೆಯ ಪ್ರಮಾಣ ಶೇ. 0.1ರ ಆಸುಪಾಸು. ದೊಡ್ಡವರ ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಅದರ ಶೇ. 0.1 ಅಂದ್ರೆ 5 ಮಿಲಿ ಶುದ್ಧ ಎಣ್ಣೆ, ಹೊಟ್ಟೆಯಲ್ಲಲ್ಲ, ರಕ್ತದಲ್ಲಿ, ಒಂದೇ ಸಮಕ್ಕೆ ಇರಬೇಕು. ಲವಂಗದೆಣ್ಣೆ ಅಷ್ಟು ಕುಡಿದು ಲಿವರ್ ಕೆಟ್ಟ ಮಕ್ಕಳ ವರದಿಗಳಿವೆ. ಇನ್ನೊಂದು ಕಡೆ ಡಾಕ್ಸಿ 200 ಮಿಗ್ರಾಂ ನುಂಗಿದ ಎರಡು ಗಂಟೆಗೆ ರಕ್ತದಲ್ಲಿ ಮಿಲಿಗೆ ಸುಮಾರು 2.6 ಮೈಕ್ರೋಗ್ರಾಂ ಮುಟ್ಟುತ್ತೆ, 24 ಗಂಟೆ ಆದ್ಮೇಲೂ 1.45 ಇರುತ್ತೆ. ಟ್ಯೂಬಲ್ಲಿ ಕೊಂದ ಪ್ರಮಾಣ ಮೈಯಲ್ಲಿ ಸಿಗುತ್ತಾ ಅಂತ ಕೇಳದೆ ಯಾವ ಲ್ಯಾಬ್ ಫಲಿತಾಂಶವನ್ನೂ ಔಷಧಿ ಅಂತ ಓದಬಾರದು.

ಚಿಕ್ಕಬಳ್ಳಾಪುರ_ದ್ರಾಕ್ಷಿ
ಹಾಗಾದ್ರೆ ಡಾಕ್ಸಿನೇ ಇನ್ನೂ ಆರು ತಿಂಗಳು ತಗೊಂಡ್ರೆ?

ಕೋಲಾರ_ಫಿಜಿಷಿಯನ್
ಅದನ್ನ ಮನುಷ್ಯರಲ್ಲೇ ನೋಡಿದಾರೆ. 2001ರಲ್ಲಿ ಅಮೆರಿಕದಲ್ಲಿ 30 ದಿನ ಸೆಫ್ಟ್ರಿಯಾಕ್ಸೋನ್ ರಕ್ತನಾಳಕ್ಕೆ, ಆಮೇಲೆ 60 ದಿನ ಡಾಕ್ಸಿ. ಹುಸಿ ಮಾತ್ರೆ ತಗೊಂಡವರಿಗಿಂತ ಹೆಚ್ಚು ಗುಣ ಕಾಣಲಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಎಲ್ಲರಿಗೂ ಎರಡು ವಾರ ಸೆಫ್ಟ್ರಿಯಾಕ್ಸೋನ್ ಕೊಟ್ಟು, ಮುಂದೆ 12 ವಾರ ಕೆಲವರಿಗೆ ಡಾಕ್ಸಿ, ಕೆಲವರಿಗೆ ಕ್ಲಾರಿಥ್ರೋಮೈಸಿನ್ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್, ಕೆಲವರಿಗೆ ಹುಸಿ ಮಾತ್ರೆ. ಮೂರು ಗುಂಪಿಗೂ ವ್ಯತ್ಯಾಸ ಇಲ್ಲ. ಭಾವನವರ ಸುಸ್ತು ಸುಳ್ಳಲ್ಲ, ಅದನ್ನ ಯಾರೂ ಅಲ್ಲಗಳೆಯಬಾರದು. ಅಲ್ಲಿನ ಡಾಕ್ಟರ ಹತ್ರ ಥೈರಾಯ್ಡ್, ರಕ್ತಹೀನತೆ, ನಿದ್ದೆ ತೊಂದರೆ, ಉಣ್ಣೆಯಿಂದಲೇ ಬರೋ ಬಬೇಸಿಯಾ ಎಲ್ಲಾ ನೋಡಿಸಲಿ.

ಕುಣಿಗಲ್_ಫ್ಲೋರೆಸೆನ್ಸ್
ಡಾಕ್ಟ್ರೇ, ಆ ಪ್ರಯೋಗಗಳಲ್ಲಿ ಬಳಸಿದ್ದು ಹಳೇ ಔಷಧಿಗಳೇ. ಪರ್ಸಿಸ್ಟರ್ ಕೊಲ್ಲೋ ಜೋಡಿಗಳನ್ನ ಅಲ್ಲಿ ಪರೀಕ್ಷಿಸಿಲ್ಲ.

ಕೋಲಾರ_ಫಿಜಿಷಿಯನ್
ನಿಜ. ಆದ್ರೆ ಅದಕ್ಕೆ ಮುಂದಿನ ಹೆಜ್ಜೆ ಇಲಿ, ಆಮೇಲೆ ಸರಿಯಾದ ಮಾನವ ಪ್ರಯೋಗ. ಟ್ಯೂಬಿಂದ ನೇರವಾಗಿ ರೋಗಿಯ ನರಕ್ಕೆ ಅಲ್ಲ.

ತುಮಕೂರು_ಎಂಎಸ್ಸಿ
ನಮ್ಮ ಲ್ಯಾಬಲ್ಲಿ ಏನು ಮಾಡಿ ತೋರಿಸಬಹುದು ಅನ್ನೋದಕ್ಕೆ ಉತ್ತರ ಬೇಕಿತ್ತು.

ಟಮಕ_ಮೀಡಿಯಾರೂಮ್
ಬೊರೇಲಿಯಾ ತರಿಸೋಕೆ ಹೋಗಬೇಡಮ್ಮ. ಅದಕ್ಕೆ ಬಯೋಸೇಫ್ಟಿ ಹಂತ 2, ಆಮದು ಅನುಮತಿ, ಮೈನಸ್ 80 ಫ್ರೀಜರ್ ಎಲ್ಲಾ ಬೇಕು. ಎಲ್ಲರೂ ಬಳಸೋ ತಳಿ ಬಿ31, ನ್ಯೂಯಾರ್ಕಿನ ಶೆಲ್ಟರ್ ದ್ವೀಪದ ಉಣ್ಣೆಯಿಂದ ಬಂದದ್ದು. ಅದನ್ನೂ ಟ್ಯೂಬಿಂದ ಟ್ಯೂಬಿಗೆ ಬಹಳ ಸಲ ದಾಟಿಸಿದ್ರೆ ಪ್ಲಾಸ್ಮಿಡ್‌ಗಳು (ಡಿಎನ್‌ಎಯ ಬಿಡಿ ತುಂಡುಗಳು) ಉದುರಿಹೋಗ್ತವೆ, ಅವುಗಳಲ್ಲಿ ಎಲ್‌ಪಿ25 ಅನ್ನೋದು ಹೋದ್ರೆ ಇಲಿಗೆ ಸೋಂಕೇ ಆಗಲ್ಲ. ಪೇಪರ್ ಓದುವಾಗ ಎಷ್ಟನೇ ದಾಟಿಸುವಿಕೆ ಅಂತ ನೋಡೋದು ಅದಕ್ಕೇ.

ಮಾಡಿ ತೋರಿಸಬೇಕಂದ್ರೆ ಸ್ಟ್ಯಾಫ್ 29213ನಲ್ಲಿ ಡಾಕ್ಸಿ ಎಂಐಸಿ ಹಾಕು. ಒಂದು ಸಾಲು ಬರೀ ಮುಲ್ಲರ್-ಹಿಂಟನ್, ಇನ್ನೊಂದು ಸಾಲು ಅದಕ್ಕೇ ಶೇ. 4 ಆಲ್ಬುಮಿನ್ ಸೇರಿಸಿ. ಎರಡು ಸಾಲಿನ ಎಂಐಸಿ ಎಷ್ಟು ಜರುಗುತ್ತೆ ಅಂತ ಬೋರ್ಡ್ ಮೇಲೆ ಬರೆದು ತೋರಿಸು. ನಿನ್ನ ಮೊದಲ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲು ಎಲ್ಲರ ಕಣ್ಣೆದುರೇ ಬಂದುಬಿಡುತ್ತೆ. ಮೂರನೇ ಸಾಲಿಗೆ 33 ಡಿಗ್ರಿಯಲ್ಲಿ ಏಳು ದಿನ ಇಟ್ಟ ಡಾಕ್ಸಿ ಬಳಸು.

ತುಮಕೂರು_ಎಂಎಸ್ಸಿ
ಇದು ಮಾಡಬಹುದು ಸಾರ್! ಮೂರು ಸಾಲು, 8ರಿಂದ 0.015ರವರೆಗೆ ಹತ್ತು ಹಂತ. ಆಲ್ಬುಮಿನ್ ಇರೋ ಸಾಲು ಮಬ್ಬಾಗಿ ಕಂಡ್ರೆ ಬೆಳವಣಿಗೆ ಅಂತ ತಪ್ಪಾಗಿ ಓದಲ್ವಾ?

ಚಿಂತಾಮಣಿ_ಕೆಮಿಸ್ಟ್ರಿ
ಓದಬಹುದು. ಬ್ಯಾಕ್ಟೀರಿಯಾ ಇಲ್ಲದ ಆಲ್ಬುಮಿನ್ ಬಾವಿ ಒಂದನ್ನ ಅದೇ ಸಾಲಲ್ಲಿ ಇಡು. ಸ್ಟ್ಯಾಫ್ ತಳದಲ್ಲಿ ಗುಂಡಿ ಥರ ಕೂರುತ್ತೆ, ಆಲ್ಬುಮಿನ್ ಮಬ್ಬು ಬಾವಿ ಪೂರ್ತಿ ಒಂದೇ ಸಮ. ಪ್ಲೇಟನ್ನ ಕನ್ನಡಿ ಮೇಲಿಟ್ಟು ಕೆಳಗಿಂದ ನೋಡು. ಹಂತ ಇನ್ನೊಮ್ಮೆ ಎಣಿಸು, 8ರಿಂದ ಅರ್ಧ ಅರ್ಧ ಮಾಡ್ತಾ ಹೋದ್ರೆ ಹತ್ತನೇದು 0.0156, ಒಳಗಿನ ಒಂದು ಸಾಲಲ್ಲಿ ಇರೋದೂ ಹತ್ತೇ ಬಾವಿ. ಔಷಧಿ ಇಲ್ಲದ್ದು, ಬ್ಯಾಕ್ಟೀರಿಯಾ ಇಲ್ಲದ್ದು ಎರಡಕ್ಕೂ ಜಾಗ ಬೇಕು, ಹಾಗಾಗಿ 4ರಿಂದ ಶುರು ಮಾಡಿ 0.03ಕ್ಕೆ ನಿಲ್ಲಿಸು.

ತುಮಕೂರು_ಎಂಎಸ್ಸಿ
ಎಂಟು ಔಷಧಿ ಬಾವಿ, ಎರಡು ಕಂಟ್ರೋಲ್. ಸರಿಹೋಯ್ತು ಸಾರ್. ಡಾಕ್ಸಿ ಇವತ್ತೇ ಇನ್‌ಕ್ಯುಬೇಟರಿಗೆ ಇಡ್ತೀನಿ, ಏಳು ದಿನ ಆಗ್ಬೇಕಲ್ಲ.

ಪಾವಗಡ_ಬಿಸಿಲು
ಫಾಯಿಲ್ ಸುತ್ತಿಡಮ್ಮ, ಪಕ್ಕದಲ್ಲಿ ಥರ್ಮಾಮೀಟರ್ ಬಾಟಲ್ ಮರೀಬೇಡ.